ಕ್ಯಾಪ್ಟನ್ ಬೆರಳು

ಜೂನ್ ೧೨

ಮಗಳೇ,

ನೀನು ಕ್ಷೇಮವಾಗಿ ಕ್ಯಾಂಪ್ ಸೇರಿದೆ ಎಂದು ನಿಮ್ಮ ಕೋಚ್ ಮೇಡಂ ಒಂದು ಸಾಲು ಬರೆದು ಹಾಕಿದ್ದರು. ಅದರ ಕೆಳಗೆ ಪುಟ ತುಂಬ ಕಟ್ಟಪ್ಪಣೆ. ಮಕ್ಕಳ ಫೋನೆಲ್ಲ ಫೈನಲ್ ಮುಗಿಯುವವರೆಗೆ ಅವರ ತಗಡಿನ ಪೆಟ್ಟಿಗೆಯಲ್ಲಿ ಇರುತ್ತವಂತೆ. ಮನೆಯವರು ಏನಾದರೂ ಹೇಳಬೇಕಿದ್ದರೆ ಕಾಗದ ಬರೆಯಬೇಕಂತೆ, ಬರೆಯುವುದರಿಂದ ಮನಸ್ಸು ಹದಕ್ಕೆ ಬರುತ್ತದಂತೆ. ನಾನು ಹೊಟ್ಟೆಪಾಡಿಗೆ ದಿನವಿಡೀ ಕಪ್ಪುಗಳ ಮೇಲೆ ಹೆಸರು ಕೆತ್ತುವವನು. ಹದ ಯಾವತ್ತೋ ಮೀರಿ ಹೋಗಿದೆ. ಆದರೂ ಬರೆಯುತ್ತೇನೆ.

ನೀನು ಹೋದ ಮೇಲೆ ಮನೆಯಲ್ಲಿ ಯಾರೂ ಬಾಗಿಲನ್ನು ಧಡಾರನೆ ಹಾಕುವುದಿಲ್ಲ. ಅಮ್ಮ ಆಸ್ಪತ್ರೆಯ ಕೆಲಸ ಮುಗಿಸಿ ಬಂದವಳು "ಏನೋ ಕಡಿಮೆ ಆಗಿದೆಯಲ್ಲ ಈ ಮನೇಲಿ" ಎಂದು ಅಲ್ಲಿ ಇಲ್ಲಿ ನೋಡಿ, ಕೊನೆಗೆ ತಾನೇ ಒಂದು ಸಲ ಧಡಾರನೆ ಹಾಕಿ ಸಮಾಧಾನ ಮಾಡಿಕೊಂಡಳು.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಿಮ್ಮ ಹಗ್ಗಜಗ್ಗಾಟದ ತಂಡ ಗೆದ್ದ ಕಪ್ ಹೊಳಪು ಹಾಕಿಸಲು ನನ್ನ ಅಂಗಡಿಗೆ ಬಂದಿದೆ. ಈ ವರ್ಷದ ಫೈನಲಿಗೆ ಅದನ್ನು ಹೊತ್ತುಕೊಂಡು ಹೋಗಬೇಕು, ಸೋತರೆ ಒಪ್ಪಿಸಬೇಕು, ಗೆದ್ದರೆ ವಾಪಸ್ ತರಬೇಕು ಎಂದು ಕ್ಲಬ್ಬಿನ ಗುಮಾಸ್ತರು ಹೇಳಿ ಹೋದರು. ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಡಿಯಿತು. ಕಪ್ಪುಗಳ ಒಳಗಿನ ವಾಸನೆ ನನಗೆ ಹೊಸದಲ್ಲ. ಧೂಳು, ಒಣಗಿದ ಹೂವು, ಒಮ್ಮೆ ಚೆಸ್ ಸಂಘದ ಕಪ್ಪಿನಲ್ಲಿ ಇಲಿಯ ಸಂಸಾರ. ಇದು ಅದ್ಯಾವುದೂ ಅಲ್ಲ. ಇದು ಬಿಯರು. ತಳದಲ್ಲಿ ಬಳೆಯ ಹಾಗೆ ಕಲೆ ಕಟ್ಟಿದೆ.

ಹದಿನೆಂಟು ತುಂಬದ ಹುಡುಗಿಯರ ಕಪ್ಪಿನೊಳಗೆ ಬಿಯರಿನ ಕಲೆ ಹೇಗೆ ಬಂತು ಎಂದು ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ. ಬಿಡುವಾದಾಗ ಬರೆ.

ಇತಿ ನಿನ್ನ
ಅಪ್ಪ

ಅಮ್ಮನ ಸೇರ್ಪಡೆ: ಸುಮ್ಮನೆ ಕುತೂಹಲ ಅಲ್ಲ. ಬೆಳಗಿನಿಂದ ಮುಚ್ಚಳ ತೆಗೆದು ಮೂಸುತ್ತಾ ಕೂತಿದ್ದಾರೆ. ಗಿರಾಕಿಗಳಿಗೂ ಮೂಸಿಸಿದ್ದಾರೆ. ನೀನು ಉಗುರು ಕತ್ತರಿಸಿಕೊ.

*

ಜೂನ್ ೨೩

ಪ್ರೀತಿಯ ಅಪ್ಪ,

ಮೊದಲು ದೊಡ್ಡ ಸುದ್ದಿ. ನಾನು ಕ್ಯಾಪ್ಟನ್ ಆಗಿದ್ದೇನೆ. ಯಾಕೆ ಅಂತ ಕೇಳಬೇಡ. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ "ನೀನು ಅಲ್ಲಾಡೋದಿಲ್ಲ" ಅಂದರು, ಅಷ್ಟೇ ಸಂದರ್ಶನ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವ ಜಾಗ ನನ್ನದು. ಮುಂದಿನ ಏಳು ಜನರಿಗೂ ನಾನು ಕಾಣುವುದಿಲ್ಲ, ಆದರೆ ನಾನು ಜಾರಿದರೆ ಏಳು ಜನಕ್ಕೂ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ನನ್ನ ಹೆಸರು ಗೂಟ. ನೀನು ಬೇಜಾರು ಮಾಡಿಕೊಳ್ಳಬೇಡ, ಇಲ್ಲಿ ಅದು ಬಿರುದು.

ತಂಡಕ್ಕೆ ಹೊಸದಾಗಿ ಬಂದವಳು ಒಬ್ಬಳೇ. ಹದಿನಾಲ್ಕು ವರ್ಷ, ಹೆಸರು ಪೆನ್ಸಿಲ್. ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದಾಳೆ, ಹಗ್ಗ ಹಿಡಿದರೆ ಬಿಡಿಸಿಕೊಳ್ಳಲು ಇಬ್ಬರು ಬೇಕು. ಕಳೆದ ವರ್ಷದ ಹಳೇ ಕ್ಯಾಪ್ಟನ್ನಿಗೆ ವಯಸ್ಸು ಮೀರಿತು, ಈಗ ಅವಳು ಮೇಡಂಗೆ ಸಹಾಯಕಿ. ಆಡುವ ಹಾಗಿಲ್ಲ ಅನ್ನುವ ಸಿಟ್ಟನ್ನೆಲ್ಲ ನಮ್ಮ ಶೂ ಲೇಸಿನ ಮೇಲೆ ತೀರಿಸಿಕೊಳ್ಳುತ್ತಾಳೆ.

ಊಟ ಪರವಾಗಿಲ್ಲ. ಅಂಗೈ ಸುಲಿದಿದೆ. ಪಂದ್ಯದ ಬೆಳಿಗ್ಗೆ ಎಂಟೂ ಜನರನ್ನು ಒಟ್ಟಿಗೆ ತೂಕಕ್ಕೆ ಹಾಕುತ್ತಾರಂತೆ, ಮಿತಿ ಮೀರಿದರೆ ಆಟವೇ ಇಲ್ಲ. ಹಾಗಾಗಿ ಪರಸ್ಪರರ ತಟ್ಟೆಯ ಮೇಲೆ ಎಲ್ಲರ ಕಣ್ಣು.

ಕಪ್ಪಿನ ವಿಷಯ: ಹಳೇ ಕಪ್, ಹಳೇ ವಾಸನೆ.

ನಿನ್ನ
ಗೂಟ

*

ಜುಲೈ ೪

ಮಗಳೇ,

ಕ್ಯಾಪ್ಟನ್ ಆದದ್ದಕ್ಕೆ ಸಂತೋಷ. ಬೀದಿಯವರಿಗೆಲ್ಲ ಹೇಳಿದ್ದೇನೆ. ಗೂಟ ಎಂಬುದನ್ನು ಹೇಳಿಲ್ಲ.

ಊಟದ ಬಗ್ಗೆ, ಅಂಗೈ ಬಗ್ಗೆ, ಲೇಸಿನ ಬಗ್ಗೆ ಬರೆದೆ. ಕಪ್ಪಿನ ಬಗ್ಗೆ ಮಾತ್ರ ನಾಲ್ಕು ಪದ. ನಾನು ಪದ ಎಣಿಸಿ ಕೂಲಿ ಪಡೆಯುವವನು. ಇಷ್ಟು ಕಡಿಮೆ ಪದ ಯಾರಾದರೂ ಕೊಟ್ಟರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ.

ಪರವೂರಿನ ಪಂದ್ಯಗಳಿಗೆ ಹೋದ ಮಕ್ಕಳು ಲಾಡ್ಜುಗಳಲ್ಲಿ ಕುಡಿಯುತ್ತಾರೆಂದು ಗುಸುಗುಸು ಇದ್ದದ್ದೇ. ಅದಕ್ಕೆ ಕ್ಲಬ್ಬಿನವರು ತಂದೆ ತಾಯಿಯರ ಸಭೆ ಕರೆದರು. ಕಪ್ಪಿನ ವಾಸನೆಯ ವಿಷಯ ನಾನು ಎತ್ತಲಿಲ್ಲ. ಅನುಮಾನದ ಮೇಲೆ ಬಾಯಿ ಬಿಟ್ಟರೆ ಇಡೀ ತಂಡವನ್ನು ಹೊರಗೆ ಹಾಕುವುದು ಅವರ ನಿಯಮ. ಸಭೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬ ತಂದೆ ಪ್ರತಿ ಕೋಣೆಯ ಬಾಗಿಲಿಗೂ ಗಂಟೆ ಕಟ್ಟಬೇಕೆಂದರು. ಇನ್ನೊಬ್ಬರು ಅಪ್ಪಂದಿರೆಲ್ಲ ಕಾವಲಿಗೆ ಜೊತೆಯಲ್ಲೇ ಹೋಗೋಣ ಎಂದರು. "ಆಮೇಲೆ ಅಪ್ಪಂದಿರನ್ನ ಯಾರು ಕಾಯೋದು?" ಎಂದು ನಿನ್ನ ಅಮ್ಮ ಕೇಳಿದಳು. ತಾಯಂದಿರ ಕಡೆ ನಗು, ನಮ್ಮ ಕಡೆ ಕೆಮ್ಮು. ಕೊನೆಗೆ ಮಲಗುವ ಹೊತ್ತಿಗೆ ಬಾಗಿಲುಗಳಿಗೆ ಹೊರಗಿನಿಂದ ಅಂಟುಪಟ್ಟಿ ಹಚ್ಚುವುದು, ಬೆಳಿಗ್ಗೆ ಅದು ಹರಿದಿದ್ದರೆ ವಿಚಾರಣೆ, ಎಂದು ತೀರ್ಮಾನವಾಯಿತು. ಅಂಟುಪಟ್ಟಿ ಉಪಸಮಿತಿಗೆ ನನ್ನನ್ನು ಹಾಕಿದ್ದಾರೆ. ಮೂರು ಬಗೆಯದನ್ನು ನಮ್ಮ ಮನೆಯ ಬಾಗಿಲಿಗೇ ಹಚ್ಚಿ ಪರೀಕ್ಷಿಸಿದೆ.

ನಾನು ಗದರುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳು.

ಇತಿ ನಿನ್ನ
ಅಪ್ಪ

ಅಮ್ಮನ ಸೇರ್ಪಡೆ: ಬಾಗಿಲಿನ ಬಣ್ಣ ಕಿತ್ತುಬಂತು. ಹೋದ ವಾರ ವಾರ್ಡಿಗೆ ಯಾವುದೋ ಶಾಲೆಯ ಓಟಗಾರ ಹುಡುಗನನ್ನು ತಂದರು. ಪಂದ್ಯ ಗೆದ್ದ ಖುಷಿಗೆ ಕುಡಿದಿದ್ದ. ಹದಿನೈದು ವರ್ಷ. ತನ್ನ ವಾಂತಿಯಲ್ಲೇ ಉಸಿರು ಕಟ್ಟಿತ್ತು, ನಾವು ಹೇಗೋ ಉಳಿಸಿಕೊಂಡೆವು. ಎದ್ದವನೇ ಪದಕ ಎಲ್ಲಿ ಅಂತ ಕೇಳಿದ. ನನಗೆ ತಮಾಷೆ ಮಾಡಲು ಆಗಲಿಲ್ಲ.

*

ಜುಲೈ ೨೬

ಅಪ್ಪ, ಅಮ್ಮ,

ಅಮ್ಮನ ಸೇರ್ಪಡೆ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮೊದಲು ಉಪಸಮಿತಿಗೆ ವರದಿ. ನಿನ್ನ ಅಂಟುಪಟ್ಟಿ ಬಹಳ ಗಟ್ಟಿ ಅಪ್ಪ. ಪರವೂರಿನ ಪಂದ್ಯಕ್ಕೆ ಹೋಗಿ ಲಾಡ್ಜಿನಲ್ಲಿ ಇಳಿದಿದ್ದೆವು, ಬೆಳಿಗ್ಗೆ ಒಳಗಿನಿಂದ ಎಂಟೂ ಜನ ತಳ್ಳಿದರೂ ಬಾಗಿಲು ಬರಲಿಲ್ಲ. ಮೇಡಂ ಆಚೆಯಿಂದ ಎಳೆದರು, ನಾವು ಈಚೆಯಿಂದ ತಳ್ಳಿದೆವು. ಲಾಡ್ಜಿನ ಮ್ಯಾನೇಜರು ಬಂದು ಕತ್ತರಿಯಲ್ಲಿ ಬಿಡಿಸುವಷ್ಟರಲ್ಲಿ ತೂಕದ ಹೊತ್ತು ಮೀರುತ್ತಿತ್ತು. ಹಲ್ಲುಜ್ಜದೆ ತಕ್ಕಡಿ ಹತ್ತಿದೆವು.

ಹತ್ತಿದರೆ ಮಿತಿಗಿಂತ ಜಾಸ್ತಿ. ಯಾರು ಎಂದು ನೋಡಿದರೆ ಪೆನ್ಸಿಲ್. ಹೊಟ್ಟೆ ತಂಬೂರಿಯಾಗಿತ್ತು. ಏನೇ ತಿಂದೆ ಎಂದು ಕೇಳಿದರೆ "ನೀರು ಕುಡಿದೆ ಅಕ್ಕ, ಅಭ್ಯಾಸಕ್ಕೆ" ಅಂದಳು. ಯಾವ ಅಭ್ಯಾಸ ಎಂದು ಕೇಳಿದೆ. ಅವಳು ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ನಾವೆಲ್ಲ ಜಾಕೆಟ್ ಹಾಕಿಕೊಂಡು ಮೈದಾನ ಸುತ್ತಿ ಬೆವರು ಇಳಿಸಿ ಮತ್ತೆ ತೂಗಿಸಿಕೊಂಡೆವು. ಆಡಿದೆವು, ಗೆದ್ದೆವು. ಅಭ್ಯಾಸದ ವಿಷಯ ಆಮೇಲೆ ತಿಳಿಯಿತು.

ಕೇಳು. ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಫೈನಲ್ ಗೆದ್ದರೆ ಲಾಡ್ಜಿನ ಕೋಣೆಯಲ್ಲಿ ಕಪ್ಪಿನ ತುಂಬ ಬಿಯರ್ ಸುರಿದು, ಆ ವರ್ಷ ಹೊಸದಾಗಿ ಬಂದವಳು ಒಂದೇ ಉಸಿರಿಗೆ ಖಾಲಿ ಮಾಡಬೇಕು. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಕುಡಿಯದಿದ್ದರೆ ಅವಳು ತಂಡದವಳಲ್ಲ. ನಾನು ಸೇರಿದ ವರ್ಷ ನಾವು ಫೈನಲ್ ಗೆಲ್ಲಲಿಲ್ಲ, ಹಾಗಾಗಿ ನನಗೆ ಸರದಿ ಬರಲಿಲ್ಲ. ಹೋದ ವರ್ಷ ಕಾಲು ಉಳುಕಿ ನಾನು ಫೈನಲಿಗೆ ಹೋಗಿರಲಿಲ್ಲ, ನಿನಗೆ ನೆನಪಿರಬಹುದು. ಆಗ ಹೊಸಬಳಾಗಿದ್ದ ಗುಂಗುರು ಕೂದಲಿನವಳು ಸೋಪಿನ ಮೇಲೆ ಜಾರಿ ಹಲ್ಲು ಮುರಿದುಕೊಂಡಳು ಎಂದು ನಮಗೆಲ್ಲ ಹೇಳಿದ್ದರಲ್ಲ. ಅದು ಸೋಪಲ್ಲ, ಬಿಯರು. ಈಗ ಅವಳು ಆಟವನ್ನೇ ಬಿಟ್ಟಿದ್ದಾಳೆ. ನಾನು ಅವಳಿಗೆ ಕಾಗದ ಬರೆದು ಕೇಳಿದೆ, ಅವಳೇ ಹೇಳಿದಳು.

ಈ ವರ್ಷ ಪೆನ್ಸಿಲ್ಲಿನ ಸರದಿ. ಅವಳಿಗೆ ಹೆದರಿಕೆಯೂ ಇದೆ, ಆಸೆಯೂ ಇದೆ. ಹೂದಾನಿಯಲ್ಲಿ ನೀರು ತುಂಬಿಸಿಕೊಂಡು ಕುಡಿದು ಅಭ್ಯಾಸ ಮಾಡುತ್ತಿದ್ದಾಳೆ.

ಇದನ್ನು ಮೇಡಂಗೆ ನೀನು ಹೇಳಬೇಡ. ನಾನು ಚಾಡಿ ಹೇಳಿದೆ ಅಂತಾದರೆ ಯಾರೂ ನನ್ನ ನಂಬಿ ಹಿಂದಕ್ಕೆ ವಾಲುವುದಿಲ್ಲ. ನನ್ನ ಹತ್ತಿರ ಒಂದು ಉಪಾಯ ಇದೆ. ಇದು ನನ್ನ ತಂಡ ಅಪ್ಪ. ನನ್ನನ್ನು ನಂಬು, ಅಷ್ಟು ಸಾಕು.

ನಿಮ್ಮ
ಗೂಟ

*

ಆಗಸ್ಟ್ ೫

ಮಗಳೇ,

ನಿನ್ನ ಕಾಗದ ತಲುಪಿತು. ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಯಾರಿಗೂ ಏನೂ ಹೇಳುವುದಿಲ್ಲ.

ಕಪ್ ಸಿದ್ಧವಾಯಿತು, ಕ್ಲಬ್ಬಿಗೆ ಕಳಿಸಿದೆ. ಚೆನ್ನಾಗಿ ಹೊಳೆಯುತ್ತಿದೆ. ಇಲ್ಲಿ ಹವೆ ಚೆನ್ನಾಗಿದೆ.

ಇತಿ ನಿನ್ನ
ಅಪ್ಪ

ಅಮ್ಮನ ಸೇರ್ಪಡೆ: ಇವರು ಇಷ್ಟು ಚಿಕ್ಕ ಕಾಗದ ಬರೆದದ್ದು ನಾನು ನೋಡಿಲ್ಲ. ಹವೆಯ ಬಗ್ಗೆ ಬರೆದದ್ದಂತೂ ನೋಡೇ ಇಲ್ಲ. ಬರೀ ಹೊಳಪು ಹಾಕುವ ಕೆಲಸಕ್ಕೆ ಅಂಗಡಿಯಲ್ಲಿ ಡ್ರಿಲ್ ಯಾಕೆ ಗುಂಯ್‌ಗುಟ್ಟುತ್ತಿತ್ತು ಎಂದು ಕೇಳಿದೆ. ಎದ್ದು ಗೋಂದು ಹುಡುಕಲು ಹೋದರು.

*

ಸೆಪ್ಟೆಂಬರ್ ೯

ಕಪ್ ಕೆತ್ತುವವರಿಗೆ,

ಫೋನ್ ಕೈಗೆ ಬಂದಿದೆ. ನಾನು ಮಾಡುವುದಿಲ್ಲ. ನೀವೂ ಮಾಡಬೇಡಿ.

ಗೆದ್ದ ಸುದ್ದಿ ನಿಮಗೆ ತಿಳಿದಿರುತ್ತದೆ. ಮಿಕ್ಕದ್ದನ್ನು ಪತ್ರಿಕೆಯ ಫೋಟೋದಲ್ಲಿ ನೋಡಿರುತ್ತೀರಿ. ಫೋಟೋದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ನನ್ನ ಉಪಾಯ ಇದು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಮಾಡುವ ಪದ್ಧತಿಯನ್ನು ವೇದಿಕೆಯ ಮೇಲೆ ತರುವುದು. ಬೇಡ ಅಂದರೆ ಯಾರೂ ಬಿಡುವುದಿಲ್ಲ, ಬೇರೆ ಥರ ಮಾಡೋಣ ಅಂದರೆ ಕೇಳುತ್ತಾರೆ. ನಿಂಬೆ, ಶುಂಠಿ, ಮೆಣಸು, ಬೀಟ್‌ರೂಟ್ ಸೇರಿಸಿ ಒಂದು ರಸ ಮಾಡಿದೆ. ಕುಡಿಯಲು ಬಿಯರಿಗಿಂತ ಹೆಚ್ಚು ಧೈರ್ಯ ಬೇಕು. ಮೊದಲು ನಾನು, ಆಮೇಲೆ ಪೆನ್ಸಿಲ್, ಆಮೇಲೆ ಎಲ್ಲರೂ, ಎಲ್ಲರ ಎದುರಿಗೆ. ಒಬ್ಬೊಬ್ಬಳನ್ನೇ ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು. ಗುಂಗುರು ಕೂದಲಿನವಳನ್ನು ಕರೆಸಿದೆ. ಅವಳು ಎಲ್ಲರ ಮುಂದೆ ಒಮ್ಮೆ ನಕ್ಕಳು, ಅಷ್ಟೇ. ಮುರಿದ ಹಲ್ಲು ನೋಡಿ ಹುಡುಗಿಯರು ಒಪ್ಪಿದರು. ಹಳೇ ಕ್ಯಾಪ್ಟನ್ ಮಾತ್ರ "ನೋಡೋಣ" ಅಂದಳು.

ವೇದಿಕೆಯ ಮೇಲೆ ಕೆಂಪು ಬಟ್ಟೆ ಹಾಸಿದ ಮೇಜು. ಬಹುಮಾನ ಕೊಡಲು ಬಂದವರು ಹಾಸಿಗೆ ಅಂಗಡಿಯ ಮಾಲೀಕರು, ಅಡಿಯಿಂದ ಮುಡಿಯವರೆಗೆ ಬಿಳಿ ಸೂಟು. ನಾನು ಕಪ್ಪಿಗೆ ರಸ ಸುರಿದೆ. ಮೇಜಿನ ಬಟ್ಟೆ ಆಗಲೇ ಕುಡಿಯಲು ಶುರು ಮಾಡಿತ್ತು, ಕೆಂಪಿನ ಮೇಲೆ ಕೆಂಪು, ಯಾರಿಗೂ ಕಾಣಲಿಲ್ಲ. ಮಾಲೀಕರು ಎರಡೂ ಹಿಡಿ ಹಿಡಿದು ಕಪ್ಪನ್ನು ತಲೆಯ ಮೇಲಕ್ಕೆ ಎತ್ತಿದರು. ಜನ ಚಪ್ಪಾಳೆ ತಟ್ಟಿದರು. ರಸ ಅವರ ಬಲಗೈ ತೋಳಿನೊಳಗೆ ಇಳಿದು, ಮೊಣಕೈ ದಾಟಿ, ಪ್ಯಾಂಟಿನವರೆಗೆ ಹೋಯಿತು. ಅವರು ಪಾಪ ನಗುತ್ತಲೇ ಇದ್ದರು, ಫೋಟೋಗೆ ಅಂತ. ಮೆಣಸು ಚರ್ಮಕ್ಕೆ ತಗುಲಿದ ಮೇಲೆ ನಗು ನಿಂತಿತು.

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಒಂದು ತಿಂಗಳ ನನ್ನ ಕೆಲಸ ನಗೆಪಾಟಲಾಯಿತು. ಹಳೇ ಕ್ಯಾಪ್ಟನ್ ನನ್ನ ಕಿವಿಯ ಹತ್ತಿರ ಬಂದು "ಆಯ್ತಲ್ಲ ನಿನ್ನ ನಾಟಕ, ಈಗ ರೂಮಿಗೆ ಬಾ" ಅಂದಳು.

ಆಮೇಲೆ ಕಪ್ಪನ್ನು ತಿರುಗಿಸಿ ನೋಡಿದೆ. ಹಿಡಿಯ ಬುಡದಲ್ಲಿ, ನೆರಳಿನಲ್ಲಿ, ಒಂದು ತೂತು. ಯಾರ ಬೆರಳಿಗೂ ಚುಚ್ಚದ ಹಾಗೆ ಅಂಚು ಉಜ್ಜಿ ನಯ ಮಾಡಿದ್ದರು. ತೂತು ಕೊರೆಯುವಾಗಲೂ ಇಷ್ಟು ಅಕ್ಕರೆ ತೋರಿಸುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ.

ಪೂರ್ತಿ ನಂಬಿಕೆ ಇದೆ ಅಂತ ಬರೆದಿರಿ. ಬರೆದು ಹೋಗಿ ಡ್ರಿಲ್ ಹಿಡಿದಿರಿ. ಅಂಟುಪಟ್ಟಿಯಾದರೂ ಬಾಗಿಲ ಮೇಲೆ ಕಾಣುತ್ತಿತ್ತು.

ಇತಿ,
ತಂಡದ ಕ್ಯಾಪ್ಟನ್

*

ಸೆಪ್ಟೆಂಬರ್ ೧೫

ಮಗಳೇ,

ನೀನು ಮಾತು ಕಲಿತಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವಳು. ಅಜ್ಜಿ ಬೈದರೂ ಬಿಡಲಿಲ್ಲ. ಈ ಕಾಗದದಲ್ಲಿ ಸಾಲು ಸಾಲಿಗೂ 'ನೀವು'. ಇಷ್ಟು ಮರ್ಯಾದೆ ನನಗೆ ತಡೆಯುವುದಿಲ್ಲ.

ತೂತು ನಾನೇ ಕೊರೆದೆ. ಬಿಯರ್ ಸುರಿದರೆ ಕೋಣೆಯಲ್ಲಿ ಸೋರಲಿ, ಯಾರಿಗೂ ಗೊತ್ತಾಗದ ಹಾಗೆ ಕೆಲಸ ಮುಗಿಯಲಿ ಎಂದುಕೊಂಡೆ. ನೀನೂ ಅದರಲ್ಲೇ ಏನಾದರೂ ಸುರಿಯಬಹುದು ಎಂದು ಹೊಳೆಯಲಿಲ್ಲ. ನಿನ್ನ ಉಪಾಯ ಏನು ಎಂದು ಒಂದು ಸಾಲು ಕೇಳಬಹುದಿತ್ತು. ಕೇಳಲಿಲ್ಲ. ನಿನ್ನ ಮೇಲೆ ನಂಬಿಕೆ ಇತ್ತು, ಲೋಕದ ಮೇಲೆ ಇರಲಿಲ್ಲ. ಲೋಕದ ಮೇಲಿನ ಸಿಟ್ಟಿಗೆ ನಿನ್ನ ಕಪ್ಪನ್ನು ತೂತು ಮಾಡಿದೆ. ತಪ್ಪಾಯಿತು. ಇದನ್ನು ಸುತ್ತಿ ಬಳಸಿ ಹೇಳಲು ಏನೂ ಇಲ್ಲ.

ಹಾಸಿಗೆ ಅಂಗಡಿಯವರ ಬಳಿ ಹೋಗಿ ನಾನೇ ಅಪರಾಧಿ ಎಂದು ಹೇಳಿ ಬಂದೆ. ಅವರು ಒಳಗಿನಿಂದ ಆ ಕೋಟು ತಂದು ತೋರಿಸಿದರು. ಯಾವ ಡ್ರೈಕ್ಲೀನಿಂಗಿನವರೂ ಅದನ್ನು ಒಪ್ಪಿಕೊಂಡಿಲ್ಲ. "ಫೋಟೋ ನೋಡಿ ಅಂಗಡಿಗೆ ಜನ ಬರ್ತಿದ್ದಾರೆ, ಕೋಟು ನೋಡಬೇಕು ಅಂತಾರೆ, ನೋಡಿದ ಮೇಲೆ ನಾಚಿಕೆಗೆ ಒಂದು ದಿಂಬಾದರೂ ತಗೊಂಡು ಹೋಗ್ತಾರೆ" ಎಂದರು. ಹೋಗಲಿ, ಅವರ ಪಾಲಿಗೆ ಒಳ್ಳೆಯದೇ ಆಯಿತು.

ಆದರೆ ನಿನ್ನ ಕಾಗದ "ಈಗ ರೂಮಿಗೆ ಬಾ" ಎಂಬಲ್ಲಿಗೆ ನಿಂತುಬಿಟ್ಟಿದೆ. ಆಮೇಲೆ ಏನಾಯಿತು ಎಂದು ನೀನು ಬರೆದಿಲ್ಲ. ಪೆನ್ಸಿಲ್ ಹೇಗಿದ್ದಾಳೆ? ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಇತಿ
ಅಪ್ಪ

ಅಮ್ಮನ ಸೇರ್ಪಡೆ: ಅಂಗಡಿಯಲ್ಲಿ ಯಾರದೋ ಮದುವೆಯ ಬೆಳ್ಳಿಹಬ್ಬದ ತಟ್ಟೆಯ ಮೇಲೆ ಗಂಡನ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಕೆತ್ತಿದ್ದಾರೆ. ಬೇಗ ಬರೆ.

*

ಸೆಪ್ಟೆಂಬರ್ ೨೪

ಅಪ್ಪ,

ನೀನು ಗೆದ್ದೆ ಅಂದುಕೊಳ್ಳಬೇಡ. ಇನ್ನೂ ಸಿಟ್ಟಿದೆ. ಆದರೆ ತಟ್ಟೆಯ ವಿಷಯ ಓದಿ ನಗು ಬಂತು, ನಗು ಬಂದ ಮೇಲೆ ಸಿಟ್ಟನ್ನು ಬಹುವಚನದಲ್ಲಿ ಇಟ್ಟುಕೊಳ್ಳುವುದು ಕಷ್ಟ.

ರೂಮಿನಲ್ಲಿ ನಡೆದದ್ದು ಇದು. ಹಳೇ ಕ್ಯಾಪ್ಟನ್ ತನ್ನ ಚೀಲದಿಂದ ಬಾಟಲಿಗಳನ್ನು ತೆಗೆದು ಮಂಚದ ಮೇಲೆ ಇಟ್ಟಳು. ನಾನು ಬೇಡ ಅಂದೆ. "ನಿನ್ನ ಜ್ಯೂಸು ನೋಡಿಯಾಯ್ತಲ್ಲ" ಅಂದಳು, ಎಲ್ಲರೂ ನಕ್ಕರು. ಆ ಕ್ಷಣ ನನ್ನ ಮಾತಿಗೆ ಬೆಲೆ ಇರಲಿಲ್ಲ, ಅದಕ್ಕೆ ಕಾರಣ ನೀನು. ಅವಳು ಕಪ್ಪಿಗೆ ಸುರಿದಳು. ಅದು ಸೋರಿ ಅವಳ ಬಿಳಿ ಶೂ ಒಳಗೆ ಹೋಯಿತು. ಅದಕ್ಕೂ ಕಾರಣ ನೀನು. ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಬಾಟಲಿ, ತೂತಿಗೆ ಇಡಲು ಅವಳಿಗೆ ಮೂರನೆಯ ಕೈ ಇರಲಿಲ್ಲ.

"ಯಾರಾದ್ರೂ ಬೆರಳು ಇಡ್ರೇ" ಅಂತ ಕೂಗಿದಳು.

ಆಗ ಪೆನ್ಸಿಲ್ ಅಂದಳು, "ಕ್ಯಾಪ್ಟನ್ ಬೆರಳು ಇಟ್ರೆ ಕುಡೀತೀನಿ."

ಎಲ್ಲರೂ ನನ್ನ ಕಡೆ ನೋಡಿದರು. ಪೆನ್ಸಿಲ್ಲಿಗೆ ಬೇಡ ಅನ್ನಲು ಬರುತ್ತಿರಲಿಲ್ಲ ಅಪ್ಪ, ಅದಕ್ಕೆ ಆ ಕೆಲಸವನ್ನು ನನಗೆ ಕೊಟ್ಟಳು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆ. ಅಲ್ಲಾಡಲಿಲ್ಲ. ನನ್ನ ಪಕ್ಕದವಳು ನನ್ನನ್ನು ನೋಡಿ ತಾನೂ ಕೈ ಕಟ್ಟಿದಳು. ಆಮೇಲೆ ಅವಳ ಪಕ್ಕದವಳು. ಎಂಟು ಜನ, ಎಂಬತ್ತು ಬೆರಳು, ಒಂದೂ ಮುಂದೆ ಬರಲಿಲ್ಲ. ಬಿಯರೆಲ್ಲ ನೆಲಕ್ಕೆ ಹೋಯಿತು. ಹಳೇ ಕ್ಯಾಪ್ಟನ್ ಒದ್ದೆ ಶೂನಲ್ಲಿ ಪಚಪಚ ಸದ್ದು ಮಾಡುತ್ತಾ ಹೊರಗೆ ಹೋದಳು.

ಮರುದಿನ ಎಂಟೂ ಜನ ಒಟ್ಟಿಗೆ ಹೋಗಿ ಮೇಡಂಗೆ ಹೇಳಿದೆವು. ಮಾತಿಗೆ ಮುಂಚೆ ಸೀಟಿ ಊದುವವರು ಆವತ್ತು ಊದಲಿಲ್ಲ. ಉಳಿದ ಬಾಟಲಿಗಳನ್ನು ತಾವೇ ಬಚ್ಚಲಿಗೆ ಸುರಿದರು. ಹಳೇ ಕ್ಯಾಪ್ಟನ್ ಇನ್ನು ನಮ್ಮ ಜೊತೆ ಬರುವುದಿಲ್ಲ. ಕುಡಿದವರು ಯಾರೂ ಇಲ್ಲ, ತಾವಾಗಿಯೇ ಬಂದು ಹೇಳಿದ್ದಾರೆ ಎಂದು ಮೇಡಂ ಕ್ಲಬ್ಬಿನವರ ಎದುರು ವಾದ ಮಾಡಿದರು. ತಂಡ ಉಳಿಯಿತು.

ಈಗ ಕೆಲಸದ ಮಾತು. ಕಪ್ ಹೆಸರು ಕೆತ್ತಿಸಲು ನಿನ್ನ ಅಂಗಡಿಗೆ ಬರುತ್ತದೆ. ತೂತು ಮುಚ್ಚಬೇಡ. ಇದು ತಂಡದ ತೀರ್ಮಾನ. ಇನ್ನು ಮುಂದೆ ಗೆದ್ದರೆ ವೇದಿಕೆಯ ಮೇಲೇ ಕುಡಿಯುವುದು, ಹೊಸಬಳು ಕುಡಿಯುವಾಗ ತೂತಿಗೆ ಬೆರಳು ಇಡುವುದು ಕ್ಯಾಪ್ಟನ್ನಿನ ಕೆಲಸ. ಒಳಗಿರುವುದು ಸರಿ ಇಲ್ಲದಿದ್ದರೆ ಬೆರಳು ತೆಗೆಯುವುದೂ ಕ್ಯಾಪ್ಟನ್ನಿನ ಕೆಲಸವೇ.

ಕ್ಯಾಂಪ್ ಮುಗಿಸಿ ಅಕ್ಟೋಬರ್ ಮೊದಲ ಭಾನುವಾರ ಬರುತ್ತೇನೆ.

ನಿನ್ನ
ಗೂಟ

*

ಅಕ್ಟೋಬರ್ ೪

ಗೂಟ ಎಂಬ ಬಿರುದಿನ ಮಗಳೇ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ, ಕೂರಲು ನೆನಪಾಗಲಿಲ್ಲ. ಇದನ್ನು ಅಂಚೆಗೆ ಹಾಕಿದರೆ ನಿನ್ನ ಹಿಂದೆಯೇ ಬಂದು ತಲುಪುತ್ತದೆ, ಹಾಗಾಗಿ ನಿನ್ನ ದಿಂಬಿನ ಕೆಳಗೆ ಇಡುತ್ತಿದ್ದೇನೆ.

ಕಪ್ ಬಂತು. ಎಂಟೂ ಹೆಸರು ಕೆತ್ತಿದೆ, ಪೆನ್ಸಿಲ್ಲಿನದು ಸ್ವಲ್ಪ ದಪ್ಪ ಅಕ್ಷರದಲ್ಲಿ. ತೂತನ್ನು ಮುಚ್ಚಿಲ್ಲ. ಅದರ ಸುತ್ತ ಒಂದು ಸಣ್ಣ ಬಳ್ಳಿ ಕೆತ್ತಲೇ ಎಂದು ಕೈ ಮುಂದೆ ಹೋಯಿತು. ಉಳಿ ಕೆಳಗಿಟ್ಟೆ. ನೀನು ಬಂದ ಮೇಲೆ ಕೇಳಿ ಮಾಡುತ್ತೇನೆ. ಬೇಡ ಎಂದರೆ ಬೇಡ.

ಬೆರಳು ಇಟ್ಟರೆ ಸೋರುವುದು ನಿಜವಾಗಿಯೂ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಬೇಕಲ್ಲ. ನೀರು ತುಂಬಿಸಿ ನಿನ್ನ ಅಮ್ಮನನ್ನು ಕರೆದು ಬೆರಳು ಇಡಲು ಹೇಳಿದೆ. ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಇಟ್ಟಳು. ಒಂದು ಹನಿಯೂ ಬೀಳಲಿಲ್ಲ. ನಾನು ಕಪ್ ಎತ್ತಿ ಕುಡಿಯಲು ಶುರು ಮಾಡಿದೆ. ಮಿಕ್ಕದ್ದನ್ನು ಅವಳೇ ಬರೆಯುತ್ತಾಳಂತೆ, ನಾನು ಅಂಗಿ ಬದಲಿಸಲು ಹೋಗುತ್ತಿದ್ದೇನೆ.

ಇತಿ ನಿನ್ನ
ಅಪ್ಪ

ಅಮ್ಮನ ಸೇರ್ಪಡೆ: ಅರ್ಧ ಕುಡಿದಿದ್ದರು. ಬೆರಳು ತೆಗೆದೆ. ನಿನ್ನ ಪರವಾಗಿ.